ಉಗ್ರಾಣದ ತಾಳೆ

ಮ್ಯೂಸಿಯಂನ ಉಗ್ರಾಣ ನೋಡಿಕೊಳ್ಳುತ್ತಿದ್ದವರಿಗೆ ನಾಡಿದ್ದು ನಿವೃತ್ತಿ. ಅಷ್ಟರೊಳಗೆ ಹತ್ತಿ ತುಂಬಿಟ್ಟ ಸತ್ತ ಪ್ರಾಣಿಗಳನ್ನೆಲ್ಲ ಎಣಿಸಿ, ಹೊಸದಾಗಿ ಬಂದವಳಿಗೆ ಒಪ್ಪಿಸಬೇಕು. ಒಂದು ಕಮ್ಮಿಯಾದರೂ ಪೆನ್ಷನ್‌ಗೆ ಕಲ್ಲು ಬೀಳುತ್ತದೆ. ಬೆಳಗ್ಗೆಯಿಂದ ಅವರು ರಿಜಿಸ್ಟರ್ ಹಿಡಿದು ಒಂದೊಂದೇ ಹೆಸರು ಓದುತ್ತಿದ್ದರು, ಅವಳು ಖಾನೆಗಳಲ್ಲಿ ಹುಡುಕಿ ಹೇಳುತ್ತಿದ್ದಳು.

"ಮುಂಗುಸಿ, ಒಂದು."

"ಇದೆ ಸರ್."

"ಗೂಬೆ, ಎರಡು."

"ಒಂದೇ ಇರೋದು... ಅಲ್ಲಲ್ಲ, ಇನ್ನೊಂದು ಹಿಂದೆ ಬಿದ್ದಿದೆ."

ಅವರು ಹಣೆಯ ಬೆವರು ಒರೆಸಿಕೊಂಡರು. "ಜೀವ ಬಾಯಿಗೆ ಬಂತಲ್ಲಮ್ಮ!"

"ಯಾಕಿಷ್ಟು ಹೆದರ್ತೀರಿ ಸರ್? ಇವೇನು ಎದ್ದು ಓಡಿಹೋಗ್ತವಾ?"

"ಓಡಿಹೋಗಲ್ಲಮ್ಮ, ಯಾರಾದ್ರೂ ಕದ್ಕೊಂಡು ಹೋಗ್ತಾರೆ. ಹ್ಞಾಂ, ಕೆಳಗಿನ ಖಾನೆ ನೋಡು. ನಾಗರಹಾವು, ಹೆಡೆ ಎತ್ತಿದ್ದು, ಒಂದು."

ಅವಳು ಮಂಡಿಯೂರಿ ಖಾನೆಯೊಳಗೆ ಟಾರ್ಚ್ ಬಿಟ್ಟಳು. ಬೆಳಕು ಒಂದೇ ಕಡೆ ನಿಂತುಬಿಟ್ಟಿತು.

"ಯಾಕಮ್ಮ, ಇಲ್ವಾ?"

ಅವರು ರಿಜಿಸ್ಟರ್‌ನ ಆ ಸಾಲಿಗೆ ಬೆರಳಿಟ್ಟು ಮತ್ತೆ ಓದಿಕೊಂಡರು. "ದಮ್ಮಯ್ಯ, ಸರಿಯಾಗಿ ನೋಡು. ಒಂದು ಇರಲೇಬೇಕು."

ಅವಳು ಕೂತಲ್ಲಿಂದ ಅಲ್ಲಾಡದೆ ಪಿಸುಗುಟ್ಟಿದಳು.

"ಎರಡಿದೆ, ಸರ್."