ಹಲ್ಲಿನೊಳಗಿನ ಗಾಳಿ

ಸೋಗೋಡ್ ಕೊಲ್ಲಿಯ ಆಳಕ್ಕೆ ಇಳಿಯುತ್ತಿದ್ದ ಡೈವಿಂಗ್ ಗೈಡ್ ಕ್ರಿಸ್ಪಿನ್ ಥಟ್ಟನೆ ದವಡೆ ಹಿಡಿದುಕೊಂಡ. ಹಿಂದಿದ್ದ ಹಲ್ಲಿನ ಡಾಕ್ಟರ್ ಮಾರಿವಿಕ್‌ಗೆ ಕಾರಣ ಹೊಳೆಯಿತು. ದೋಣಿಯವರ ಹಲ್ಲು ನೋಡಿಕೊಟ್ಟರೆ ಅವಳಿಗೆ ಡೈವಿಂಗ್ ಪುಕ್ಕಟೆ. ಬೆಳಿಗ್ಗೆ, ದೋಣಿ ಹೊರಟುಬಿಟ್ಟೀತೆಂಬ ಅವಸರದಲ್ಲಿ, ಅವನ ಹುಳುಕು ಹಲ್ಲು ತುಂಬುವಾಗ ಒಳಗೆ ಗಾಳಿ ಉಳಿಸಿಬಿಟ್ಟಿದ್ದಳು. ಇಳಿದಷ್ಟೂ ನೀರಿನ ಒತ್ತಡ ಹೆಚ್ಚಿ ಅದು ಹಲ್ಲನ್ನು ಹಿಂಡುತ್ತದೆ.

ಅವನು ಮಾತ್ರ ಏನಿಲ್ಲವೆಂದು ಕೈಯಾಡಿಸಿ, ಕೆಳಗೆ ಬೆರಳು ತೋರಿಸಿದ. ಅಜ್ಜಿ ಕಥೆಯ ನಡುಗಡ್ಡೆ ಮೈಮುರಿದು ಎದ್ದಂತೆ, ಮೈತುಂಬ ಚುಕ್ಕೆಯ ತಿಮಿಂಗಿಲ ಶಾರ್ಕ್ ಬರುತ್ತಿತ್ತು. ವರ್ಷಗಟ್ಟಲೆ ಅವಳು ಕಾದದ್ದು ಇದಕ್ಕೇ. ಅಷ್ಟರಲ್ಲಿ ಅವನು ನೋವಿಗೆ ಮುಖ ಕಿವುಚಿದ. ಮಾರಿವಿಕ್ ಅವನ ತೋಳು ಹಿಡಿದು ಮೆಲ್ಲಗೆ ಮೇಲೇರಿದಳು.

"ಎದುರಿಗೇ ಇತ್ತಲ್ಲ ಡಾಕ್ಟ್ರಮ್ಮ! ಹೆದರಿಬಿಟ್ರಾ?" ನೀರ ಮೇಲೆ ಬಂದದ್ದೇ ಕ್ರಿಸ್ಪಿನ್ ಸಿಡುಕಿದ.

"ಬಾಯಿ ತೆಗಿ ಮಾರಾಯ," ಎಂದಳು. "ಬೆಳಿಗ್ಗೆ ನಿನ್ನ ಹಲ್ಲು ತುಂಬುವಾಗ ನಂಗೆ ಶಾರ್ಕಿಂದೇ ಧ್ಯಾನ."