ಮುಚ್ಚಿದರೂ ನಿಲ್ಲದ ಡ್ರಾಯರ್

ಡ್ರಾಯರ್ ಮತ್ತೆ ಹೊರಗೆ ಬಂದಿತ್ತು.

ವಸಂತಕುಮಾರ ಅದನ್ನು ಒಳಗೆ ತಳ್ಳಿ ಕಣ್ಣು ಮಿಟುಕಿಸದೆ ಕಾದ. ಕಳ್ಳ ಬೆಕ್ಕಿನ ಹಾಗೆ ಮೆಲ್ಲಗೆ ಇಣುಕಿತು ಹಾಳಾದ್ದು.

"ಯಾರೋ ಸ್ಕ್ರೂ ಸಡಿಲ ಮಾಡ್ತಿದ್ದಾರೆ," ಎಂದು ಹೆಂಡತಿಯತ್ತ ನೋಡಿದ.

"ಹೌದು, ನನಗೆ ಬೇರೆ ಕೆಲಸ ಇಲ್ಲ ನೋಡಿ," ಎಂದಳು ಸುಂದರಿ. "ಭಾನುವಾರ ಅಣ್ಣ ಬರ್ತಾನೆ. ಅಷ್ಟರೊಳಗೆ ಸರಿಯಾಗದಿದ್ದರೆ ಈ ಕಪಾಟು ಗುಜರಿಗೆ!"

ಹೋಟೆಲಿನ ಗಲ್ಲಾಪೆಟ್ಟಿಗೆ ಮಗನಿಗೆ ಬಿಟ್ಟುಕೊಟ್ಟ ಮೇಲೆ ವಸಂತಕುಮಾರ ಸುಮ್ಮನೆ ಕೂರುವವನೇ? ಡೊಂಬಿವಲಿಯ ಈ ಎರಡನೇ ಮಾಳಿಗೆಗೆ ಹಲಗೆ ಹೊತ್ತು ತಂದ, ಕೊಯ್ದ, ಉಜ್ಜಿದ. ದೀಪಾವಳಿಗೆ ಕಪಾಟು ಮುಗಿದಾಗ ಡ್ರಾಯರುಗಳು ನುಣ್ಣಗೆ ಓಡುತ್ತಿದ್ದವು. ಸುಂದರಿಯ ಅಣ್ಣ ಪುಂಡರೀಕಾಕ್ಷ ಕೂಡ ಬಾಯಿ ಮುಚ್ಚಿದ್ದ. ತುರ್ಭೆಯಲ್ಲಿ ರೆಡಿಮೇಡ್ ಫರ್ನಿಚರ್ ಮಾರುವವನ ಬಾಯಿ ಮುಚ್ಚಿಸುವುದೆಂದರೆ ಸಣ್ಣ ಮಾತಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ವಸಂತಕುಮಾರ ಭಾವನ ಎದುರು ಎದೆಯುಬ್ಬಿಸಿ ಊಟ ಮಾಡಿದ್ದ.

ಆಮೇಲೆ ಹಿಡಿಯಿತು ಶನಿ. ಮೊದಲು ಮೇಲಿನ ಡ್ರಾಯರ್, ಈಗ ಮೂರೂ.

ಡ್ರಾಯರ್ ಓಡುವ ಚಾನೆಲ್ ಬಿಚ್ಚಿ ಕೂರಿಸಿದ. ಕೀಸುಳಿ ಹಾಕಿ ಅಂಚು ಹೆರೆದ. ಟೇಪ್ ಹಿಡಿದು ನೆಲದಿಂದ ಅಳೆದ: ಹಿಂದೆ ಎಷ್ಟೋ ಮುಂದೆಯೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಾಲ್ಕನಿಯಾಚೆ ಹೊಸ ಟವರಿಗೆ ಪಾಯ ತೋಡುವ ಯಂತ್ರದ ಗದ್ದಲದಲ್ಲಿ ಲೆಕ್ಕ ತಪ್ಪಿತೇನೋ ಎಂದು ಮತ್ತೆ ಅಳೆದ. ಅಷ್ಟೇ ಬಂತು. ಸುಂದರಿಯ ಕೈಜಾರಿದ ಈರುಳ್ಳಿಯೊಂದು ಅವನೆದುರೇ ಉರುಳುತ್ತಾ ಬಾಲ್ಕನಿ ಸೇರಿತು. ಅದನ್ನು ಹೆಕ್ಕಿಕೊಡುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ.

ಭಾನುವಾರ ಪುಂಡರೀಕಾಕ್ಷ ಬಂದ. ಬರಿಗೈಯಲ್ಲಲ್ಲ, ಕೆಳಗೆ ಟೆಂಪೋದಲ್ಲಿ ಹೊಳೆಯುವ ಹೊಸ ಕಪಾಟು.

"ಚಾನೆಲ್ಲೇ ಸರಿ ಇಲ್ಲ ಭಾವ. ಹಲಗೆಯೂ ಹಸಿ," ಎಂದು ವಸಂತಕುಮಾರ ತೊದಲಿದ.

"ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ!" ಪುಂಡರೀಕಾಕ್ಷ ಹೊಟ್ಟೆ ಹಿಡಿದು ನಕ್ಕ. "ಸಾಕು ಮಾರಾಯ್ರೇ, ನಿಮಗೆ ಇಡ್ಲಿಯೇ ಸರಿ. ಮರದ ಕೆಲಸ ಬೇಡ."

ಸುಂದರಿಯೂ ನಕ್ಕಳು. ಅದೇ ಅವನನ್ನು ಹೆಚ್ಚು ಚುಚ್ಚಿತು. ಕಣ್ಣು ತುಂಬಿ ಬಂತು. ತಾನೇ ಮಾಡಿದ ಕಪಾಟನ್ನು ತಾನೇ ಬಾಗಿಲಿನತ್ತ ತಳ್ಳತೊಡಗಿದ.

ಅಷ್ಟರಲ್ಲಿ ಕೆಳಗೆ ಸೀಟಿ, ಕೂಗಾಟ. ಯಾರೋ ಬಾಗಿಲು ಬಡಿದರು: "ಇಳಿಯಿರಿ, ಎಲ್ಲರೂ ಈಗಲೇ ಇಳಿಯಿರಿ!"

ಅಂಗಳದಲ್ಲಿ ಮುಕ್ಕಾಲಿಯ ಮೇಲೆ ದುರ್ಬೀನಿನಂಥದ್ದನ್ನು ನಿಲ್ಲಿಸಿಕೊಂಡು ಪಾಲಿಕೆಯ ಎಂಜಿನಿಯರ್ ಏನೋ ಹೇಳುತ್ತಿದ್ದ. ಮುಂದೆ ನಿಂತವರು ಎದೆ ಬಡಿದುಕೊಂಡರು. ಸುಂದರಿ ದೇವರ ಫೋಟೋ ಅವುಚಿಕೊಂಡು ಅಳುತ್ತಿದ್ದಳು. ಪುಂಡರೀಕಾಕ್ಷನ ಮುಖ ಬಿಳಿಚಿತ್ತು. ವಸಂತಕುಮಾರನೊಬ್ಬನ ಮುಖ ಮಾತ್ರ ಮದುಮಗನಂತೆ ಅರಳಿತು. ಭಾವನ ಕೈ ಹಿಡಿದು ದರದರ ಎಳೆಯುತ್ತಾ, ಜನರನ್ನು ಸರಿಸಿ, ಎಂಜಿನಿಯರನ ಎದುರು ತಂದು ನಿಲ್ಲಿಸಿದ.

"ಸಾಹೇಬ್ರೇ, ಇನ್ನೊಮ್ಮೆ ಜೋರಾಗಿ ಹೇಳಿ, ನಮ್ಮ ಭಾವನಿಗೂ ಕೇಳಲಿ: ಈ ಬಿಲ್ಡಿಂಗ್ ಎಷ್ಟು ವಾಲಿದೆ?"