ನೀರಿನ ಗೆರೆ

“ಬರೀ ನೀರಾ? ಬರೀ ನೀರಿಟ್ಟು ಅಷ್ಟು ಜನರ ಮುಂದೆ ನನ್ನನ್ನ ಕೋತಿ ಥರ ಕುಣಿಸಿದ್ಯೇನೇ?”

ಪ್ರಯೋಗಾಲಯದ ಬಾಗಿಲು ಹಾಕಿ ಬಂದು ಪ್ರೊಫೆಸರ್ ಅಬ್ಬರಿಸಿದ. ಪಕ್ಕದ ಕೋಣೆಯಲ್ಲಿ ಚಹಾಕ್ಕೆ ಕೂತಿದ್ದ ಅತಿಥಿಗಳಿಗೆ ಕೇಳಿಸೀತೆಂದು ಮರುಕ್ಷಣವೇ ದನಿ ನುಂಗಿಕೊಂಡ. ಎದುರಿಗಿದ್ದವಳು ಅವನ ಅಕ್ಕನ ಮಗಳು. ಅವನ ಕೈಕೆಳಗೇ ಸಂಶೋಧನೆಗೆ ಸೇರಿದವಳು.

“ನಾನೆಲ್ಲಿ ಕುಣಿಸಿದೆ ಮಾವ? ಅವರು ಬರೋ ಮುಂಚೆ ಒಂದ್ಸಲ ಬರೀ ನೀರಿಟ್ಟು ನೋಡ್ತಿದ್ದೆ. ಅಷ್ಟರಲ್ಲಿ ನೀವೇ ಎಲ್ಲರನ್ನೂ ಕರ್ಕೊಂಡು ಬಂದ್ರಿ. ಪರದೆ ನೋಡಿದ್ದೇ ತಡ, ಭಾಷಣ ಶುರು. ನಾನು ಬಾಯಿ ತೆಗೆದ್ರೆ ‘ಸುಮ್ನಿರು’ ಅಂದ್ರಿ.”

ಅಂದಿದ್ದ, ನಿಜ. ಲೇಸರಿನ ಒಂದು ಹೊಡೆತಕ್ಕೆ ಗಾಜಿನ ಪುಟ್ಟ ಡಬ್ಬಿಯೊಳಗಿನ ಹನಿ ಫಕ್ಕನೆ ಬಿಸಿಯಾಗುತ್ತದೆ. ಆ ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ, ತಣಿದಾಗ ಮತ್ತೆ ಮಡಿಸಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಆ ಆಟವನ್ನು ಇನ್ನೊಂದು ಬೆಳಕಿನ ಎಳೆ ಹಿಡಿದು ಪರದೆಯ ಮೇಲೆ ಗೆರೆಯಾಗಿ ಬಿಡಿಸುತ್ತದೆ. ಅವನಿಗೆ ಹೆಸರು ತಂದದ್ದೇ ಅಂಥದೊಂದು ಗೆರೆ. ಇವತ್ತು ಅದೇ ಮೂಡಿದ್ದು ಕಂಡು ಹಿಗ್ಗಿಹೋಗಿ, “ನೋಡಿ, ಹೇಗೆ ಮಡಿಸ್ಕೊಳ್ತಿದೆ! ಅಂತೂ ನಮ್ಮ ಹುಡುಗಿಯ ಕೈ ಪಳಗಿತು” ಎಂದು ಮೀಸೆ ತಿರುವಿದ್ದ.

“ನನ್ನ ಪ್ರೋಟೀನ್ ಇಟ್ಟಾಗ ಒಂದು ಸಲಾನೂ ನಿಮ್ಮ ಗೆರೆ ಬರಲಿಲ್ಲ. ‘ಕೆಡಿಸಿದ್ದೀಯ, ಚೆಲ್ಲು’ ಅಂದ್ರಿ. ಚೆಲ್ಲಿದೆ. ಆ ಐಸಿನಂಥ ಕೋಣೇಲಿ ನಡುಗ್ತಾ ಕೂತು ಮತ್ತೆ ಮಾಡಿದೆ. ಮತ್ತೆ ಚೆಲ್ಲಿಸಿದ್ರಿ. ಅಮ್ಮನಿಗೆ ಫೋನ್ ಮಾಡಿ ‘ನಿನ್ನ ಮಗಳ ಕೈಗುಣಾನೇ ಸರಿಯಿಲ್ಲ’ ಅಂದ್ರಿ. ಇವತ್ತು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ದೆ ಬಂತು. ಯಾಕೆ ಗೊತ್ತಾ? ಒಳಗೆ ಪ್ರೋಟೀನೇ ಇಲ್ಲ!”

ಅವನ ಕಿವಿ ಕೆಂಪಾದವು. ಬಿಸಿಯಾದ ನೀರೂ ತನ್ನದೊಂದು ಗೆರೆ ಎಳೆಯುತ್ತದೆ, ಮೊದಲು ಅದನ್ನು ನೋಡಿ ಕಳೆಯಬೇಕು ಎಂದು ಮಕ್ಕಳಿಗೆ ಪಾಠ ಹೇಳುವವನು ಅವನೇ. ತನ್ನ ಸರದಿ ಬಂದಾಗ, ಹೆಸರು ಮಾಡುವ ಅವಸರದಲ್ಲಿ, ಅದನ್ನು ಬಿಟ್ಟಿದ್ದ. ಅವತ್ತು ಅವನ ಪ್ರೋಟೀನು ಮಿಸುಕಿರಲೇ ಇಲ್ಲ; ಇಷ್ಟು ವರ್ಷ ಸಭೆಯಿಂದ ಸಭೆಗೆ ಹೊತ್ತು ತಿರುಗಿದ್ದು ಬರೀ ನೀರಿನ ಗೆರೆಯನ್ನು. ‘ತಪ್ಪು ನಂದೇ ಕಣಮ್ಮ’ ಎನ್ನಲು ನಾಲಿಗೆ ಹೊರಳಿತು. ಹೊರಬಂದ ಮಾತೇ ಬೇರೆ.

“ಈ ವಿಷಯ ಈ ಕೋಣೆ ದಾಟಬಾರದು. ನಿನ್ನ ಪದವಿಗೆ ಸಹಿ ಹಾಕೋನು ನಾನು, ನೆನಪಿರಲಿ.”

ಅವಳು ಹಣೆಗೇರಿಸಿದ್ದ ಲೇಸರಿನಿಂದ ಕಣ್ಣು ಕಾಯುವ ಬಣ್ಣದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಹೋಗ್ತೀನಿ” ಎಂದಳು.

ಚಹಾದ ಕೋಣೆಯಲ್ಲಿ ಹಿರಿಯ ಅತಿಥಿ ಪಕ್ಕದ ಕುರ್ಚಿ ಖಾಲಿ ಇರಿಸಿಕೊಂಡು ಕಾಯುತ್ತಿದ್ದರು. “ಎಲ್ಲಯ್ಯ ನಿನ್ನ ಹುಡುಗಿ? ಅಷ್ಟು ಚೊಕ್ಕವಾಗಿ ಗೆರೆ ತೆಗೆದವಳ ಕೈ ಕುಲುಕಬೇಕು ನಾನು.”

“ಬರ್ತಾಳೆ” ಎಂದ ಅವನು. ಅವಳಿಗೆಂದು ತಾನೇ ಒಂದು ಲೋಟ ಬಗ್ಗಿಸಿಟ್ಟ. ಮಾತು ಸಾಗಿತು, ಹೊಗಳಿಕೆ ಸಾಗಿತು, ಅತಿಥಿಗಳು ಎದ್ದೂ ಹೋದರು. ಅವನು ಮಾತ್ರ ಆ ಲೋಟ ಹಿಡಿದು ಕೂತಿದ್ದ. ತಣ್ಣಗಾದ ಚಹಾದ ಮೇಲೆ ಕೆನೆ ಕಟ್ಟಿತ್ತು. ಊದಿದ. ಕೆನೆ ಸುಕ್ಕಾಯಿತೇ ಹೊರತು ಸರಿಯಲಿಲ್ಲ.